ಗಣಕ ಭಾಷಾ ಸಮ್ಮೇಳನಗಳಲ್ಲಿ ನಮ್ಮ ಕನ್ನಡ

ಸಮ್ಮೇಳನ ಎಂದ ಕೂಡಲೆ ನಮ್ಮ ಕಣ್ಣ ಮುಂದೆ ಬರುವ ಚಿತ್ರ ಹೆಚ್ಚುಕಡಿಮೆ ಒಂದೇ. ಅಧ್ಯಕ್ಷರ ಮೆರವಣಿಗೆ, ಪೂರ್ಣಕುಂಭ, ಪುಸ್ತಕ ಮಳಿಗೆ, ಗೋಷ್ಠಿಗಳು, ಊಟದ ಸಾಲು, ಕೊನೆಯ ದಿನ ನಿರ್ಣಯಗಳ ಮಂಡನೆ. ಹೊರನಾಡಿನ ಕನ್ನಡ ಸಂಘಗಳೂ ತಮ್ಮ ಶಕ್ತಿಗೆ ತಕ್ಕಂತೆ ಇದೇ ಪದ್ಧತಿಯನ್ನು ನಡೆಸಿಕೊಂಡು ಬಂದಿವೆ. ನಾನು ಈ ಹೊತ್ತು ನಿಮ್ಮೊಂದಿಗೆ ಮಾತನಾಡಬೇಕೆಂದಿರುವುದು ಇನ್ನೊಂದು ಬಗೆಯ ಸಮ್ಮೇಳನಗಳ ವಿಷಯ. ಅಲ್ಲಿ ಹಾರ ತುರಾಯಿ ಇಲ್ಲ, ಸ್ವಾಗತ ಗೀತೆಯೂ ಇಲ್ಲ. ಕಂಪ್ಯೂಟರಿಗೆ ಮನುಷ್ಯರ ಭಾಷೆ ಕಲಿಸುವುದು ಹೇಗೆ ಎಂದು ತಲೆಕೆಡಿಸಿಕೊಂಡವರು ದೇಶ ದೇಶಗಳಿಂದ ಬಂದು ಸೇರುತ್ತಾರೆ. ಅಂಥದೊಂದು ದೊಡ್ಡ ಸಮ್ಮೇಳನ 2025ರ ಡಿಸೆಂಬರಿನಲ್ಲಿ ಮುಂಬಯಿಯಲ್ಲೇ ನಡೆಯಿತು. ಏಷ್ಯಾ ಪೆಸಿಫಿಕ್ ಪ್ರದೇಶದ ಗಣಕ ಭಾಷಾವಿಜ್ಞಾನಿಗಳ ಕೂಟ ಅದು. ಲೋಕಲ್ ಗಾಡಿಯಲ್ಲಿ ದಿನವೂ ಓಡಾಡುವ ನಮ್ಮಲ್ಲಿ ಎಷ್ಟು ಜನರಿಗೆ ಅದರ ಸುದ್ದಿ ಮುಟ್ಟಿತು? ಬೆರಳೆಣಿಕೆಯ ಮಂದಿಗೆ ಇರಬಹುದು. ಹಾಗಂತ ಅದು ನಮಗೆ ಸಂಬಂಧಿಸಿದ್ದಲ್ಲ ಎಂದು ತಿಳಿಯಬೇಡಿ. ನಿಮ್ಮ ಕೈಯ ಮೊಬೈಲು ನೀವು ಆಡಿದ ಕನ್ನಡವನ್ನು ಸರಿಯಾಗಿ ಬರೆದುಕೊಳ್ಳುತ್ತದೋ ಇಲ್ಲವೋ, ಊರಿನಿಂದ ಬಂದ ಅಮ್ಮ ಡಾಕ್ಟರ ಬಳಿ ಹೇಳಿದ ಮಾತು ಯಂತ್ರದ ಬಾಯಲ್ಲಿ ನೆಟ್ಟಗೆ ಹಿಂದಿಯಾಗುತ್ತದೋ ಇಲ್ಲವೋ ಎಂಬುದಕ್ಕೂ ಈ ಸಭೆಗಳಿಗೂ ನೇರವಾದ ನಂಟಿದೆ.

ಮೊದಲು ಎರಡು ಹೆಸರುಗಳ ಪರಿಚಯ ಆಗಿಬಿಡಲಿ. ಒಂದು ಗಣಕ ಭಾಷಾವಿಜ್ಞಾನ. ಭಾಷೆಯ ರಚನೆಯನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ವಿವರಿಸುವ, ಅದರಿಂದ ಅನುವಾದ, ಕಾಗುಣಿತ ಪರೀಕ್ಷೆ, ಮಾತಿನಿಂದ ಬರಹ ಮುಂತಾದ ಕೆಲಸ ತೆಗೆಯುವ ಶಾಸ್ತ್ರ ಇದು. ಇನ್ನೊಂದು ಡಿಜಿಟಲ್ ಹ್ಯುಮ್ಯಾನಿಟೀಸ್. ಸಾಹಿತ್ಯ, ಇತಿಹಾಸ, ಶಾಸನ, ಹಸ್ತಪ್ರತಿ ಇಂಥವುಗಳ ಅಧ್ಯಯನಕ್ಕೆ ಕಂಪ್ಯೂಟರನ್ನು ಬಳಸುವ ವಿದ್ಯೆ. ಮೊದಲನೆಯದರಲ್ಲಿ ಎಂಜಿನಿಯರುಗಳು ಹೆಚ್ಚು, ಎರಡನೆಯದರಲ್ಲಿ ಮೇಷ್ಟರುಗಳು ಹೆಚ್ಚು. ಇಬ್ಬರೂ ಒಂದೇ ಸಭೆಯಲ್ಲಿ ಕೂತು ಮಾತಾಡುವುದು ಕಡಿಮೆ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕಾಲೇಜುಗಳ ವಿಚಾರ ಸಂಕಿರಣ ನೀವು ನೋಡಿರುತ್ತೀರಿ. ಪ್ರಬಂಧಕಾರರು ಓಓಡಿ ರಜೆ ಹಾಕಿ ಬರುತ್ತಾರೆ, ಹದಿನೈದು ನಿಮಿಷದ ಪ್ರಬಂಧವನ್ನು ಐದು ನಿಮಿಷಕ್ಕೆ ಮುಗಿಸಿ ಎಂದು ಚೀಟಿ ಬರುತ್ತದೆ, ಚಹಾ ಆಗುತ್ತದೆ, ಪ್ರಮಾಣಪತ್ರ ಸಿಗುತ್ತದೆ. ಗಣಕ ಭಾಷಾ ಸಮ್ಮೇಳನದಲ್ಲಿ ಕ್ರಮ ತಿರುವುಮುರುವು. ಸಮ್ಮೇಳನಕ್ಕೆ ಎಷ್ಟೋ ತಿಂಗಳು ಮೊದಲೇ ಪ್ರಬಂಧ ಕಳಿಸಬೇಕು. ಅದರ ಮೇಲೆ ಬರೆದವರ ಹೆಸರಾಗಲಿ ಊರಾಗಲಿ ಇರಕೂಡದು. ಮೂವರು ಪರಿಶೀಲಕರು ಅದನ್ನು ಓದಿ ಅಂಕ ಕೊಡುತ್ತಾರೆ, ಅವರ ಹೆಸರೂ ಗುಟ್ಟು. ದೊಡ್ಡ ಸಮ್ಮೇಳನಗಳಲ್ಲಿ ಬಂದ ನಾಲ್ಕು ಪ್ರಬಂಧಗಳಲ್ಲಿ ಮೂರು ತಿರಸ್ಕಾರವಾಗುವುದು ಮಾಮೂಲು. ಆಯ್ಕೆಯಾದವರಲ್ಲೂ ಕೆಲವರಿಗೆ ಮಾತ್ರ ವೇದಿಕೆ. ಉಳಿದವರು ತಮ್ಮ ಕೆಲಸವನ್ನು ಒಂದು ದೊಡ್ಡ ಭಿತ್ತಿಪತ್ರದಲ್ಲಿ ಅಚ್ಚು ಹಾಕಿಸಿ, ಸಭಾಂಗಣದಲ್ಲಿ ಅದರ ಪಕ್ಕ ನಿಂತುಕೊಂಡು, ಬಂದವರಿಗೆಲ್ಲ ವಿವರಿಸುತ್ತಾರೆ. ಜಾತ್ರೆಯ ಅಂಗಡಿ ಸಾಲಿನ ಹಾಗೆ. ನಿಜವಾದ ಚರ್ಚೆ ನಡೆಯುವುದೇ ಅಲ್ಲಿ ಎಂದು ಹೋಗಿ ಬಂದವರು ಹೇಳುತ್ತಾರೆ.

ಇನ್ನೊಂದು ವಿಶೇಷ ಇದೆ. ಬೇರೆ ಶಾಸ್ತ್ರಗಳಲ್ಲಿ ಪತ್ರಿಕೆಯಲ್ಲಿ ಅಚ್ಚಾದ ಲೇಖನಕ್ಕೆ ಬೆಲೆ ಹೆಚ್ಚು. ಇಲ್ಲಿ ಸಮ್ಮೇಳನದ ಪ್ರಬಂಧಕ್ಕೇ ಹೆಚ್ಚಿನ ತೂಕ. ಅಂತಾರಾಷ್ಟ್ರೀಯ ಗಣಕ ಭಾಷಾವಿಜ್ಞಾನ ಸಂಘ 1960ರ ದಶಕದಿಂದ ಈಚಿನ ಪ್ರಬಂಧಗಳನ್ನೆಲ್ಲ ಒಂದು ಭಂಡಾರದಲ್ಲಿ ಇಟ್ಟಿದೆ. ಸಂಖ್ಯೆ ಒಂದು ಲಕ್ಷ ದಾಟಿದೆ. ಯಾರು ಬೇಕಾದರೂ ದುಡ್ಡು ಕೊಡದೆ ಓದಬಹುದು. ಮುಂದೆ ಯಾವ ಭಾಷೆಗೆ ಯಾವ ಸೌಲಭ್ಯ ಬರುತ್ತದೆ ಎಂಬುದರ ಮುನ್ಸೂಚನೆ ಬೇಕಾದರೆ ಈ ಭಂಡಾರವನ್ನು ತಡಕಿದರೆ ಸಾಕು. ಕಂಪನಿಗಳು ಮಾರುಕಟ್ಟೆಗೆ ತರುವ ಎಷ್ಟೋ ಸಲಕರಣೆಗಳ ಬೀಜ ಇರುವುದು ಅಲ್ಲೇ.

ಈ ಸಂಘದ ಹುಟ್ಟಿನ ಕಥೆಯಲ್ಲಿ ಒಂದು ತಮಾಷೆ ಇದೆ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಯಂತ್ರಾನುವಾದದ ಬಗ್ಗೆ ಮೊಟ್ಟಮೊದಲ ಸಮ್ಮೇಳನ ನಡೆಯಿತು. ಎರಡು ವರ್ಷ ಕಳೆದು, 1954ರ ಜನವರಿಯಲ್ಲಿ, ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರೂ ಐಬಿಎಂನವರೂ ಸೇರಿ ರಷ್ಯನ್ ವಾಕ್ಯಗಳನ್ನು ಯಂತ್ರದಿಂದ ಇಂಗ್ಲಿಷಿಗೆ ಅನುವಾದ ಮಾಡಿ ತೋರಿಸಿದರು. ಆ ಯಂತ್ರಕ್ಕೆ ಗೊತ್ತಿದ್ದದ್ದು 250 ಶಬ್ದ, ಆರು ವ್ಯಾಕರಣ ನಿಯಮ. ಪತ್ರಿಕೆಗಳು ಹೊಗಳಿದ್ದೇ ಹೊಗಳಿದ್ದು. ಇನ್ನೇನು ಮೂರೋ ಐದೋ ವರ್ಷಗಳಲ್ಲಿ ಅನುವಾದದ ಸಮಸ್ಯೆ ತೀರಿತು ಎಂದು ಎಲ್ಲರೂ ನಂಬಿದರು. 1962ರಲ್ಲಿ ಸಂಘ ಕಟ್ಟಿದಾಗ ಅದರ ಹೆಸರಿನಲ್ಲಿ ಯಂತ್ರಾನುವಾದ ಎಂಬ ಮಾತೇ ಮೊದಲು ಬರುತ್ತಿತ್ತು. 1966ರಲ್ಲಿ ಅಮೆರಿಕದ ಪರಿಣತರ ಸಮಿತಿಯೊಂದು ಲೆಕ್ಕ ಹಾಕಿ ನೋಡಿ, ಯಂತ್ರದ ಅನುವಾದ ಮನುಷ್ಯರದಕ್ಕಿಂತ ನಿಧಾನ, ದುಬಾರಿ, ತಪ್ಪುಗಳೂ ಹೆಚ್ಚು ಎಂದು ವರದಿ ಕೊಟ್ಟಿತು. ಸರಕಾರದ ಹಣ ನಿಂತಿತು. 1968ರಲ್ಲಿ ಸಂಘ ತನ್ನ ಹೆಸರಿನಿಂದ ಯಂತ್ರಾನುವಾದವನ್ನು ಸದ್ದಿಲ್ಲದೆ ಕೈಬಿಟ್ಟಿತು. ಈಗ ಅದೇ ಸಂಘದ ಸಮ್ಮೇಳನಗಳಲ್ಲಿ ಯಂತ್ರಾನುವಾದದ ಪ್ರಬಂಧಗಳು ರಾಶಿ ಬೀಳುತ್ತವೆ ಎನ್ನುವುದು ಬೇರೆ ಮಾತು.

ಡಿಜಿಟಲ್ ಹ್ಯುಮ್ಯಾನಿಟೀಸಿನ ಮೂಲಪುರುಷ ಒಬ್ಬ ಪಾದ್ರಿ. ಇಟಲಿಯ ರೊಬೆರ್ಟೊ ಬುಸಾ, ಜೆಸ್ವಿಟ್ ಸಂಘದವರು. ಸಂತ ಥಾಮಸ್ ಅಕ್ವಿನಾಸರ ಲ್ಯಾಟಿನ್ ಗ್ರಂಥಗಳಲ್ಲಿ ಸಾನ್ನಿಧ್ಯ ಎಂಬ ಕಲ್ಪನೆ ಹೇಗೆ ಬಂದಿದೆ ಎಂಬುದು ಅವರ ಸಂಶೋಧನೆಯ ವಿಷಯ. ಆ ಶಬ್ದವನ್ನು ಹುಡುಕುತ್ತ ಹೋದಂತೆ ಅವರಿಗೆ ಅನ್ನಿಸಿತು, ಈ ಕಲ್ಪನೆ ಅಡಗಿರುವುದು ದೊಡ್ಡ ಶಬ್ದಗಳಲ್ಲಿ ಅಲ್ಲ, ‘ಇನ್’ ಎಂಬ ಸಣ್ಣ ಅವ್ಯಯದಲ್ಲಿ ಎಂದು. ನಮ್ಮಲ್ಲಾದರೆ ಸಪ್ತಮಿಯ ‘ಅಲ್ಲಿ’ ಪ್ರತ್ಯಯ ಎನ್ನಬಹುದು. ಆ ಸಣ್ಣ ಶಬ್ದ ಬಂದ ವಾಕ್ಯಗಳನ್ನೆಲ್ಲ ಕೈಯಲ್ಲಿ ಕಾರ್ಡುಗಳ ಮೇಲೆ ಬರೆದರು, ಸುಮಾರು 10 ಸಾವಿರ ಕಾರ್ಡು! ಹೀಗೇ ಮಾಡಿದರೆ ಎಲ್ಲ ಶಬ್ದಗಳ ಸೂಚಿ ಮುಗಿಸಲು ಹಲವು ಜನ್ಮ ಬೇಕು ಎಂದು ಕಂಡು, 1949ರಲ್ಲಿ ನ್ಯೂಯಾರ್ಕಿಗೆ ಹೋಗಿ ಐಬಿಎಂ ಕಂಪನಿಯ ಮುಖ್ಯಸ್ಥ ಥಾಮಸ್ ವಾಟ್ಸನ್ ಅವರ ಬಾಗಿಲು ತಟ್ಟಿದರು. ವಾಟ್ಸನ್ ಒಪ್ಪಿದರಂತೆ, ಆದರೆ ನಮ್ಮ ಕಂಪನಿಯ ಹೆಸರನ್ನು ನಿಮ್ಮ ಹೆಸರಿಗೆ ಬದಲಾಯಿಸಬಾರದು ಎಂದು ತಮಾಷೆಯ ಷರತ್ತು ಹಾಕಿ. ಬುಸಾ ಅವರೇ ಇದನ್ನು ಹೇಳಿಕೊಂಡಿದ್ದಾರೆ. ತೂತು ಕಾರ್ಡುಗಳ ಮೇಲೆ ಶುರುವಾದ ಆ ಕೆಲಸ ಮೂವತ್ತು ವರ್ಷ ಹಿಡಿಯಿತು. 56 ಸಂಪುಟಗಳಲ್ಲಿ ಅಚ್ಚಾಯಿತು. ಇವತ್ತಿಗೂ ಡಿಜಿಟಲ್ ಹ್ಯುಮ್ಯಾನಿಟೀಸ್ ಸಮ್ಮೇಳನದಲ್ಲಿ ಕೊಡುವ ಹಿರಿಯ ಪ್ರಶಸ್ತಿ ಬುಸಾ ಅವರ ಹೆಸರಿನಲ್ಲೇ ಇದೆ.

ಆ ಕಾರ್ಡುಗಳಲ್ಲಿ ತೂತು ಹೊಡೆದವರು ಯಾರು? ಮಿಲಾನಿನ ಹತ್ತಿರದ ಗಲ್ಲಾರಾತೆ ಎಂಬ ಊರಿನಲ್ಲಿ ಬುಸಾ ಒಂದು ತರಬೇತಿ ಶಾಲೆ ತೆರೆದಿದ್ದರು. ಅಲ್ಲಿ ಕೆಲಸ ಮಾಡಿದವರು ಹೆಚ್ಚಿನವರು ಹರೆಯದ ಹೆಣ್ಣುಮಕ್ಕಳು. ಸಂಪುಟಗಳ ಕೀರ್ತಿಯಲ್ಲಿ ಅವರ ಹೆಸರು ಎಷ್ಟೋ ವರ್ಷ ಕೇಳಿಸಲಿಲ್ಲ. ಲಂಡನ್ನಿನಲ್ಲಿ ಪಾಠ ಹೇಳುತ್ತಿದ್ದ ಜೂಲಿಯಾನ್ ನೈಹನ್ ಎಂಬ ವಿದುಷಿ, ವಯಸ್ಸಾಗಿದ್ದ ಆ ಹೆಂಗಸರಲ್ಲಿ ಕೆಲವರನ್ನು ಹುಡುಕಿ ಮಾತಾಡಿಸಿ ಬರೆದ ಮೇಲೆ ವಿಷಯ ಬೆಳಕಿಗೆ ಬಂತು. ಭಾಷೆಗೆ ಸಂಬಂಧಿಸಿದ ಯಂತ್ರ ಯಾವುದೇ ಇರಲಿ, ಅದರ ಹಿಂದೆ ಕೂತು ಒಂದೊಂದೇ ಶಬ್ದಕ್ಕೆ ಗುರುತು ಹಾಕಿದ ಕೈಗಳು ಇರುತ್ತವೆ. ಕನ್ನಡದ ಮಟ್ಟಿಗೂ ಇದೇ ಮುಖ್ಯ ಪ್ರಶ್ನೆ ಎಂದು ನನ್ನ ಅಭಿಪ್ರಾಯ.

ಇನ್ನು ನಮ್ಮ ದೇಶಕ್ಕೆ ಬರೋಣ. ಕಂಪ್ಯೂಟರಿಗೆ ಅತ್ಯಂತ ಯೋಗ್ಯವಾದ ಭಾಷೆ ಸಂಸ್ಕೃತ ಎಂದು ನಾಸಾ ಸಂಸ್ಥೆ ಹೇಳಿದೆ ಎಂಬ ಮಾತನ್ನು ನೀವು ಒಂದಲ್ಲ ಹತ್ತು ಸಲ ಕೇಳಿರುತ್ತೀರಿ. ನಾಸಾ ಹಾಗೆ ಹೇಳಿಲ್ಲ. ಅಲ್ಲಿನ ಸಂಶೋಧಕ ರಿಕ್ ಬ್ರಿಗ್ಸ್ 1985ರಲ್ಲಿ ಒಂದು ಲೇಖನ ಬರೆದರು. ನಮ್ಮ ಶಾಸ್ತ್ರಕಾರರು ಒಂದು ವಾಕ್ಯದ ಅರ್ಥವನ್ನು ಬಿಡಿಸಿ ಹೇಳುವ ರೀತಿಗೂ ಕೃತಕ ಬುದ್ಧಿಮತ್ತೆಯವರು ಅರ್ಥವನ್ನು ಕಂಪ್ಯೂಟರಿನಲ್ಲಿ ಜಾಲದ ಹಾಗೆ ಹೆಣೆಯುವ ರೀತಿಗೂ ಹೋಲಿಕೆ ಇದೆ ಎನ್ನುವುದು ಅದರ ತಿರುಳು. ಅಷ್ಟನ್ನೇ ಹಿಗ್ಗಿಸಿ ಹಿಗ್ಗಿಸಿ ಪುರಾಣ ಮಾಡಿದ್ದಾರೆ. ಆದರೆ ಆ ಲೇಖನದಿಂದ ಒಂದು ಒಳ್ಳೆಯ ಫಲವೂ ಬಂತು. 1986ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಇದೇ ವಿಷಯದ ಮೇಲೆ ಸಮ್ಮೇಳನ ಸೇರಿ, ಶಾಲು ಹೊದೆದ ಶಾಸ್ತ್ರಿಗಳೂ ಕಂಪ್ಯೂಟರ್ ಎಂಜಿನಿಯರುಗಳೂ ಎದುರುಬದುರು ಕೂತು ಮಾತಾಡಿದರು. ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಎಷ್ಟು ತಿಳಿಯಿತೋ, ಕೂತದ್ದೇ ದೊಡ್ಡದು.

ಆ ಕಾಲದಲ್ಲೇ ಐಐಟಿ ಕಾನ್ಪುರದಲ್ಲಿ ವಿನೀತ್ ಚೈತನ್ಯ, ರಾಜೀವ್ ಸಂಗಲ್ ಮೊದಲಾದವರು ಪಾಣಿನಿಯ ಕಾರಕ ಸಿದ್ಧಾಂತವನ್ನು ಇಟ್ಟುಕೊಂಡು ಭಾರತೀಯ ಭಾಷೆಗಳ ನಡುವೆ ಅನುವಾದದ ಯಂತ್ರ ಕಟ್ಟಲು ಹೊರಟಿದ್ದರು. ‘ಅಕ್ಷರ ಭಾರತಿ’ ಎಂದು ತಮ್ಮ ಗುಂಪಿಗೇ ಒಂದು ಹೆಸರಿಟ್ಟು, ಪ್ರಬಂಧಗಳಲ್ಲಿ ಲೇಖಕನ ಜಾಗದಲ್ಲಿ ಆ ಹೆಸರನ್ನು ಮೊದಲು ಹಾಕುತ್ತಿದ್ದರು. ಹೊರದೇಶದವರು ಅದು ಯಾರೋ ಒಬ್ಬ ವಿದ್ವಾಂಸನ ಹೆಸರು ಎಂದೇ ತಿಳಿದಿದ್ದರೆ ಆಶ್ಚರ್ಯವಿಲ್ಲ. ಆ ಯಂತ್ರಕ್ಕೆ ‘ಅನುಸಾರಕ’ ಎಂದು ಹೆಸರು. ಅದು ಕೈಹಾಕಿದ ಜೋಡಿಗಳಲ್ಲಿ ಕನ್ನಡದಿಂದ ಹಿಂದಿಯೂ ಒಂದು. ಸೊಗಸಾದ ಹಿಂದಿ ಬರೆಯುತ್ತೇನೆ ಎಂಬ ಹಮ್ಮು ಅದಕ್ಕೆ ಇರಲಿಲ್ಲ. ಕನ್ನಡ ವಾಕ್ಯದ ಜಾಡಿನಲ್ಲೇ ನಡೆದು, ಹಿಂದಿ ಬಲ್ಲವನು ಸ್ವಲ್ಪ ಅಭ್ಯಾಸ ಮಾಡಿಕೊಂಡರೆ ಅರ್ಥವಾಗುವಂಥ ಒಂದು ನಡುಭಾಷೆಯನ್ನು ಕೊಡುತ್ತಿತ್ತು. ಯಂತ್ರ ಅರ್ಧ ಹೊರೆ ಹೊರಲಿ, ಇನ್ನರ್ಧ ಮನುಷ್ಯ ಹೊರಲಿ ಎಂಬ ವಿಚಾರ ನನಗೆ ಈಗಲೂ ಪ್ರಾಮಾಣಿಕವಾಗಿ ಕಾಣುತ್ತದೆ.

2000ದ ನಂತರ ನಮ್ಮಲ್ಲೂ ಸಮ್ಮೇಳನಗಳ ಪರಂಪರೆ ಬೆಳೆಯಿತು. ಭಾರತದ ಭಾಷಾ ತಂತ್ರಜ್ಞರ ‘ಐಕಾನ್’ ಸಮ್ಮೇಳನ 2003ರಲ್ಲಿ ಮೈಸೂರಿಗೆ ಬಂತು, 2014ರಲ್ಲಿ ಗೋವಾದಲ್ಲಿ, 2019ರಲ್ಲಿ ಹೈದರಾಬಾದಿನಲ್ಲಿ ನಡೆಯಿತು. ಏಷ್ಯಾದ ಸಂಯುಕ್ತ ಸಮ್ಮೇಳನ 2008ರ ಜನವರಿಯಲ್ಲಿ ಹೈದರಾಬಾದಿನಲ್ಲಿ ಆಯಿತು. 1965ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ ‘ಕೋಲಿಂಗ್’ ಎಂಬ ಜಾಗತಿಕ ಸಮ್ಮೇಳನ 2012ರ ಡಿಸೆಂಬರಿನಲ್ಲಿ ಮುಂಬಯಿಯ ಪೊವಾಯಿಯಲ್ಲಿ, ಐಐಟಿ ಆವರಣದಲ್ಲಿ ಸೇರಿತು. ಅಲ್ಲಿ ಪ್ರಾಧ್ಯಾಪಕರಾಗಿದ್ದ ಪುಷ್ಪಕ್ ಭಟ್ಟಾಚಾರ್ಯ 2016ರಲ್ಲಿ ಜಾಗತಿಕ ಸಂಘದ ಅಧ್ಯಕ್ಷರೂ ಆದರು. ಹೀಗೆ ನೋಡಿದರೆ ಈ ವಿದ್ಯೆ ಹೊರನಾಡ ಕನ್ನಡಿಗರಾದ ನಮ್ಮ ಮನೆಬಾಗಿಲಿಗೇ ಬಂದು ಬಂದು ಹೋಗಿದೆ.

ಹಾಗಾದರೆ ಕನ್ನಡ ಎಲ್ಲಿ ನಿಂತಿದೆ? ಇದಕ್ಕೆ ಉತ್ತರ ಕೊಟ್ಟ ಪ್ರಬಂಧವೊಂದು 2020ರ ಸಮ್ಮೇಳನದಲ್ಲಿ ಬಂತು. ಬರೆದವರು ಬೆಂಗಳೂರಿನಲ್ಲಿರುವ ಮೈಕ್ರೋಸಾಫ್ಟ್ ಸಂಶೋಧನಾಲಯದ ಕಲಿಕಾ ಬಾಲಿ, ಮೊನೊಜಿತ್ ಚೌಧುರಿ ಮತ್ತು ಅವರ ಕಿರಿಯ ಸಹೋದ್ಯೋಗಿಗಳು. ಕೊರೋನಾ ಕಾರಣದಿಂದ ಆ ವರ್ಷದ ಸಭೆ ಪೂರ್ತಿಯಾಗಿ ಅಂತರಜಾಲದಲ್ಲೇ ನಡೆದಿತ್ತು. ಸುಮಾರು ಎರಡೂವರೆ ಸಾವಿರ ಭಾಷೆಗಳನ್ನು ಅವರು ಸೊನ್ನೆಯಿಂದ ಐದರವರೆಗೆ ಆರು ವರ್ಗ ಮಾಡಿದರು. ಆಧಾರ ಎರಡು. ವಿಕಿಪೀಡಿಯದಂಥ ಕಡೆ ಆ ಭಾಷೆಯಲ್ಲಿ ಎಷ್ಟು ಬರಹ ಇದೆ ಎಂಬುದು ಒಂದು. ಮನುಷ್ಯರು ಕೂತು ಗುರುತು ಹಾಕಿದ, ಅಂದರೆ ಇದು ನಾಮಪದ, ಇದು ಊರಿನ ಹೆಸರು, ಈ ವಾಕ್ಯಕ್ಕೆ ಇದು ಅನುವಾದ ಎಂದು ತಿದ್ದಿ ಇಟ್ಟ ಸಾಮಗ್ರಿ ಎಷ್ಟು ಇದೆ ಎಂಬುದು ಇನ್ನೊಂದು. ಐದನೆಯ ವರ್ಗದಲ್ಲಿ ಇಂಗ್ಲಿಷ್, ಸ್ಪ್ಯಾನಿಷ್, ಫ್ರೆಂಚ್, ಜರ್ಮನ್, ಜಪಾನಿ, ಅರಬ್ಬಿ, ಚೀನಿ, ಹೀಗೆ ಏಳೇ ಭಾಷೆ. ಹಿಂದಿ ನಾಲ್ಕನೆಯ ವರ್ಗ. ತಮಿಳು ಮೂರನೆಯದು. ಕೊಂಕಣಿ ಎರಡನೆಯದು. ಕನ್ನಡ ಒಂದನೆಯದು. 2011ರ ಜನಗಣತಿಯ ಪ್ರಕಾರ 4 ಕೋಟಿ 37 ಲಕ್ಷ ಜನರ ಮಾತೃಭಾಷೆ. ಒಂದನೆಯ ವರ್ಗಕ್ಕೆ ಅವರು ಕೊಟ್ಟ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ ‘ಹೇಗೋ ದಿನ ದೂಡುತ್ತಿರುವವು’ ಎನ್ನಬೇಕು.

ಜನಸಂಖ್ಯೆಗೂ ವರ್ಗಕ್ಕೂ ತಾಳೆಯೇ ಇಲ್ಲ ಎಂಬುದನ್ನು ಗಮನಿಸಿ. ಕೊಂಕಣಿ ಆಡುವವರು ನಮಗಿಂತ ಎಷ್ಟೋ ಕಡಿಮೆ, ಆದರೂ ಗುರುತು ಹಾಕಿದ ಸಾಮಗ್ರಿ ಆ ಲೆಕ್ಕಪಟ್ಟಿಯಲ್ಲಿ ಅಷ್ಟೋ ಇಷ್ಟೋ ಸೇರಿತ್ತು, ಒಂದು ಮೆಟ್ಟಿಲು ಮೇಲೆ ಹೋಯಿತು. ತಮಿಳು ವಿಕಿಪೀಡಿಯದಲ್ಲಿ ಲೇಖನಗಳು ಒಂದೂವರೆ ಲಕ್ಷ ದಾಟಿವೆ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಇರುವುದು ಮೂವತ್ತು ಸಾವಿರದ ಆಸುಪಾಸು. ನಮ್ಮ ಕವಿಗಳು, ಜ್ಞಾನಪೀಠಗಳು, ಎರಡು ಸಾವಿರ ವರ್ಷದ ಇತಿಹಾಸ ಯಾವುದೂ ಈ ಲೆಕ್ಕಕ್ಕೆ ಬರುವುದಿಲ್ಲ. ಆ ಭಾಷೆಯನ್ನು ಹೊತ್ತುಕೊಂಡು ಸಭೆಗೆ ಯಾರು ಬಂದರು, ಕೈಯಲ್ಲಿ ಏನು ಹಿಡಿದು ಬಂದರು ಎಂಬುದೊಂದೇ ಲೆಕ್ಕ. ಒಂದನೆಯ ವರ್ಗದ ಭಾಷೆಗಳಿಗೆ ಜನರ ಸಂಘಟಿತ ಪ್ರಯತ್ನದಿಂದ ಮೇಲೆ ಬರುವ ಅವಕಾಶ ಇದೆ ಎಂದೂ ಆ ಪ್ರಬಂಧ ಹೇಳಿತ್ತು.

ಕನ್ನಡ ಯಂತ್ರಕ್ಕೆ ಸುಲಭದ ತುತ್ತೂ ಅಲ್ಲ. ಇಂಗ್ಲಿಷಿನ ‘ಡೂ’ ಎಂಬ ಕ್ರಿಯಾಪದಕ್ಕೆ ಡಸ್, ಡಿಡ್, ಡನ್, ಡೂಯಿಂಗ್ ಸೇರಿ ಐದು ರೂಪ. ನಮ್ಮ ‘ಮಾಡು’ ತೆಗೆದುಕೊಳ್ಳಿ. ಮಾಡಿದೆ, ಮಾಡಿದ್ದೆ, ಮಾಡುತ್ತಿದ್ದೆ, ಮಾಡಲಿಕ್ಕಿಲ್ಲ, ಮಾಡಬೇಕಾಗಿತ್ತಂತೆ, ಮಾಡಿಸಿಕೊಂಡವರಿಗೂ, ಎಣಿಸುತ್ತ ಕೂತರೆ ಇಂದಿನ ಭಾಷಣದ ಸಮಯ ಮುಗಿದೀತು. ಜೊತೆಗೆ ಲಿಪಿಯ ತೆರಿಗೆ ಬೇರೆ. ಇಂಗ್ಲಿಷ್ ಅಕ್ಷರ ಒಂದಕ್ಕೆ ಕಂಪ್ಯೂಟರು ಒಂದು ಬೈಟ್ ಜಾಗ ಕೊಟ್ಟರೆ, ಯೂನಿಕೋಡಿನ ಈಗಿನ ಸಾಮಾನ್ಯ ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕನ್ನಡ’ ಎಂಬ ಮೂರಕ್ಷರದ ಶಬ್ದ ಒತ್ತು ಬಿಡಿಸಿದಾಗ ಐದು ಸಂಕೇತ, ಅಂದರೆ 15 ಬೈಟ್. ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ 7. ಈಚಿನ ಮಾತಾಡುವ ಯಂತ್ರಗಳು ಬರಹವನ್ನು ತುಂಡು ತುಂಡು ಮಾಡಿ ನುಂಗುತ್ತವೆ, ತುಂಡಿನ ಲೆಕ್ಕದಲ್ಲೇ ಬಿಲ್ಲು ಮಾಡುತ್ತವೆ. ಒಂದೇ ಅರ್ಥದ ಮಾತಿಗೆ ಕೆಲವು ಭಾಷೆಗಳಿಗೆ ಇಂಗ್ಲಿಷಿಗಿಂತ ಎಷ್ಟೋ ಪಟ್ಟು ಹೆಚ್ಚು ತುಂಡು ಬೀಳುತ್ತದೆ ಎಂದು 2023ರ ಸಮ್ಮೇಳನಗಳಲ್ಲಿ ಲೆಕ್ಕ ಸಮೇತ ತೋರಿಸಿದ್ದಾರೆ.

ಈ ಸಮ್ಮೇಳನಗಳಲ್ಲಿ ಒಂದು ಮೌನದ ಜಾತಿಪದ್ಧತಿ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಕನ್ನಡದ ಮೇಲೆ ಕೆಲಸ ಮಾಡಿದವನು ಶೀರ್ಷಿಕೆಯಲ್ಲೇ ‘ಕನ್ನಡದಲ್ಲಿ’ ಎಂದು ಹಾಕಬೇಕು. ಇಂಗ್ಲಿಷಿನ ಮೇಲೆ ಮಾಡಿದವನು ಯಾವ ಭಾಷೆ ಎಂದು ಹೇಳುವುದೇ ಇಲ್ಲ, ಸುಮ್ಮನೆ ‘ಭಾಷೆ’ ಎಂದು ಬಿಡುತ್ತಾನೆ. ಅಮೆರಿಕದ ಎಮಿಲಿ ಬೆಂಡರ್ ಎಂಬ ಭಾಷಾವಿಜ್ಞಾನಿ ವರ್ಷಗಟ್ಟಲೆ ಇದನ್ನು ಎತ್ತಿ ಆಡಿದರು. ಯಾವ ಭಾಷೆಯ ಮೇಲೆ ಕೆಲಸ ಮಾಡಿದ್ದೀರೋ ಅದರ ಹೆಸರು ಹೇಳಿ, ಅದು ಇಂಗ್ಲಿಷ್ ಆದರೂ ಹೇಳಿ ಎಂಬುದು ಅವರ ವಾದ. 2019ರ ಹೊತ್ತಿಗೆ ಅದಕ್ಕೆ ಬೆಂಡರ್ ನಿಯಮ ಎಂದೇ ಹೆಸರು ಬಿತ್ತು. ಕೇಳಲು ಸಣ್ಣ ಸಂಗತಿ. ಆದರೆ ಒಂದು ಭಾಷೆಯಲ್ಲಿ ಗೆದ್ದದ್ದು ಎಲ್ಲ ಭಾಷೆಯಲ್ಲೂ ಗೆಲ್ಲುತ್ತದೆ ಎಂಬ ಭ್ರಮೆಗೆ ಅದು ಪೆಟ್ಟು ಕೊಟ್ಟಿತು.

ದೊಡ್ಡ ಸಮ್ಮೇಳನದ ಆಚೆಈಚೆ ಸಣ್ಣ ಕಾರ್ಯಾಗಾರಗಳು ನಡೆಯುತ್ತವೆ. ಕನ್ನಡಕ್ಕೆ ಬಾಗಿಲು ತೆರೆದದ್ದು ಅಲ್ಲೇ. 2021ರಲ್ಲಿ ದ್ರಾವಿಡ ಭಾಷೆಗಳಿಗೇ ಮೀಸಲಾದ ಕಾರ್ಯಾಗಾರ ಶುರುವಾಯಿತು. ಅದರಲ್ಲಿ ಪಂದ್ಯದ ಹಾಗೆ ಒಂದು ಸಮಸ್ಯೆ ಕೊಡುತ್ತಾರೆ, ಎಲ್ಲರಿಗೂ ಒಂದೇ ಸಾಮಗ್ರಿ, ಯಾರ ಯಂತ್ರ ಹೆಚ್ಚು ಸರಿ ಉತ್ತರ ಕೊಡುತ್ತದೋ ಅವರು ಮುಂದೆ. ನಮ್ಮ ಕಾಲೇಜು ಹುಡುಗ ಹುಡುಗಿಯರು ದೊಡ್ಡ ದುಡ್ಡಿಲ್ಲದೆ ಭಾಗವಹಿಸಬಹುದಾದ ಜಾಗ ಇದು. ಮಂಗಳೂರು ವಿಶ್ವವಿದ್ಯಾಲಯದ ತಂಡದವರು ಇಂಥ ಪಂದ್ಯಗಳಲ್ಲಿ ಪದೇ ಪದೇ ಕಾಣಿಸಿಕೊಂಡಿದ್ದಾರೆ, ತುಳುವಿನ ಸಾಮಗ್ರಿಯನ್ನೂ ಸಿದ್ಧಮಾಡಿ ಸಭೆಗೆ ತಂದಿದ್ದಾರೆ. ಅವರನ್ನು ಮೆಚ್ಚಬೇಕು.

ಆದರೆ ಮೊದಲ ವರ್ಷದ ಸಮಸ್ಯೆ ಯಾವುದು ಗೊತ್ತೇ? ಸಿನಿಮಾ ಟ್ರೇಲರುಗಳ ಕೆಳಗೆ ಜನ ಬರೆದ ಟಿಪ್ಪಣಿಗಳಲ್ಲಿ ಯಾವುದು ಬೈಗುಳ, ಯಾವುದು ಅಲ್ಲ ಎಂದು ಕಂಡುಹಿಡಿಯುವುದು. ಪಂಪ ರನ್ನರ ಭಾಷೆ ಜಾಗತಿಕ ಸಭೆಯ ಒಳಗೆ ಹೋದದ್ದು ಅಭಿಮಾನಿಗಳ ಬೈದಾಟದ ಕೈಹಿಡಿದುಕೊಂಡು! ನಗು ಬರುತ್ತದೆ, ಸ್ವಲ್ಪ ಬೇಸರವೂ ಆಗುತ್ತದೆ. ಯಾಕೆ ಹೀಗಾಯಿತೆಂದರೆ ಪುಕ್ಕಟೆ ರಾಶಿ ರಾಶಿ ಸಿಗುವ ಕನ್ನಡ ಅದೇ. ಗ್ರಂಥಾಲಯದ ಕನ್ನಡ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿದೆ.

ಬೈಗುಳ ಗುರುತಿಸುವುದು ಹಗುರವಾದ ಕೆಲಸ ಎಂದು ಭಾವಿಸಬೇಡಿ. ಒಂದೇ ಟಿಪ್ಪಣಿಯನ್ನು ಮೂರು ನಾಲ್ಕು ಜನರಿಗೆ ಕೊಟ್ಟು ಗುರುತು ಹಾಕಿಸುತ್ತಾರೆ, ಅವರೊಳಗೆ ಒಮ್ಮತ ಎಷ್ಟು ಎಂದು ಅಳೆಯುತ್ತಾರೆ. ‘ಏನಲೇ ಮಗನ’ ಎಂಬ ಮಾತು ಧಾರವಾಡದ ಗೆಳೆಯರ ನಡುವೆ ಅಪ್ಪಿಕೊಂಡ ಹಾಗೆ. ಮೈಸೂರಿನ ಕಡೆಯ ಕಿವಿಗೆ ಜಗಳ ತೆಗೆದ ಹಾಗೆ. ಎರಡು ಊರಿನವರೂ ಕೂತು ಗುರುತು ಹಾಕದಿದ್ದರೆ ಯಂತ್ರ ಧಾರವಾಡದ ಪ್ರೀತಿಯನ್ನೆಲ್ಲ ಅಪರಾಧ ಎಂದು ಬರೆದುಕೊಳ್ಳುತ್ತದೆ.

ಇಲ್ಲಿಗೆ ನಮ್ಮ, ಹೊರನಾಡಿನವರ ಪಾಲು ಬರುತ್ತದೆ. ಮಹಾರಾಷ್ಟ್ರ ಒಂದರಲ್ಲೇ 2011ರ ಲೆಕ್ಕಕ್ಕೆ ಸುಮಾರು 10 ಲಕ್ಷ ಕನ್ನಡಿಗರು. ನಮ್ಮ ಮಾತು ಹೇಗಿರುತ್ತದೆ? ‘ನಾಳೆ ಆಫೀಸಿಗೆ ಸುಟ್ಟಿ ಉಂಟು, ಗಾಡಿಯಲ್ಲಿ ಗರ್ದಿ ಇರುವುದಿಲ್ಲ, ಟೆನ್ಶನ್ ತಗೋಬೇಡಿ’ ಎನ್ನುತ್ತೇವೆ. ಮರಾಠಿಯ ಸುಟ್ಟಿ ಎಂದರೆ ರಜೆ ಎಂದು ಡೊಂಬಿವಲಿಯ ಮಗುವಿಗೂ ಗೊತ್ತು. ಬೆಂಗಳೂರಿನ ಪತ್ರಿಕೆಗಳನ್ನು ಓದಿ ಕಲಿತ ಯಂತ್ರಕ್ಕೆ ಮಾತ್ರ ಆಫೀಸಿಗೆ ಬೆಂಕಿ ಬಿದ್ದು ಏನೋ ಸುಟ್ಟುಹೋದ ಹಾಗೆ ಕಂಡರೆ ತಪ್ಪು ಅದರದಲ್ಲ. ಹೈದರಾಬಾದಿನ ಕನ್ನಡಕ್ಕೆ ದಖ್ಖನಿಯ ವಾಸನೆ, ಚೆನ್ನೈಯದಕ್ಕೆ ತಮಿಳಿನದು. ಹೀಗೆ ಬೆರೆತ ಮಾತನ್ನು ಅಶುದ್ಧ ಎಂದು ನಮ್ಮವರೇ ಹೀಗಳೆಯುತ್ತಿದ್ದರು. ಈಗ ಸಂಶೋಧಕರು ಬೆರಕೆ ನುಡಿಯ ಸಾಮಗ್ರಿ ಬೇಕು ಎಂದು ಹುಡುಕಿಕೊಂಡು ಅಲೆಯುತ್ತಿದ್ದಾರೆ. ಕಾಲ ನೋಡಿ!

ಇನ್ನು ಮೇಷ್ಟರುಗಳ ಕಡೆ ಬರುತ್ತೇನೆ ಎಂದಿದ್ದೆ. ಬುಸಾ ಮಾಡಿದಂಥ ಕೆಲಸ ನಮ್ಮಲ್ಲಿ ಆಗಿಲ್ಲವೆ? ಆಗಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಹಾಳೆಚೀಟಿಗಳ ಮೇಲೇ ಬೆಳೆದದ್ದು. 1970ರಲ್ಲಿ ಮೊದಲ ಸಂಪುಟ ಬಂದು, 1995ಕ್ಕೆ ಎಂಟೂ ಸಂಪುಟ ಮುಗಿದವು. ಇತ್ತೀಚಿನದೆಂದರೆ ‘ವಚನ ಸಂಚಯ’. ಶರಣರ ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ವಚನಗಳನ್ನು ಅಂತರಜಾಲದಲ್ಲಿಟ್ಟು, ಯಾವ ಶಬ್ದ ಯಾರ ಯಾವ ವಚನದಲ್ಲಿ ಬಂದಿದೆ ಎಂದು ಗಳಿಗೆಯಲ್ಲಿ ಹುಡುಕುವ ಹಾಗೆ ಮಾಡಿದ್ದಾರೆ. ‘ಬಯಲು’ ಎಂದು ಕೊಟ್ಟರೆ ಆ ಶಬ್ದದ ಇಡೀ ಸಂಸಾರ ಎದುರಿಗೆ ಬರುತ್ತದೆ. ಇದನ್ನು ಕಟ್ಟಲು ಮುಂದಾದ ಓಂಶಿವಪ್ರಕಾಶ್ ಮತ್ತು ಗೆಳೆಯರು ಸಾಫ್ಟ್‌ವೇರ್ ಕಡೆಯವರು. ಹಿರಿಯ ವಿದ್ವಾಂಸ ಓ.ಎಲ್. ನಾಗಭೂಷಣ ಸ್ವಾಮಿ ಅವರಿಗೆ ಜೊತೆಯಾದರು. 1986ರಲ್ಲಿ ಬೆಂಗಳೂರಿನಲ್ಲಿ ಎದುರುಬದುರು ಕೂತವರ ಹಾಗೆ ಇಲ್ಲಿ ಅಕ್ಕಪಕ್ಕ ಕೂತು ದುಡಿದರು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಊರಿನ ಮೂಲೆ ಮೂಲೆಯ ಶಿಲಾಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಸವೆದು ಕಣ್ಣಿಗೆ ಕಾಣದ ಅಕ್ಷರಗಳು ಪರದೆಯ ಮೇಲೆ ಎದ್ದು ಬರುತ್ತವೆ. ಇಂಥ ಕೆಲಸಗಳಿಗೆ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಇನ್ನೂ ಹೆಚ್ಚು ಮೈಯೊಡ್ಡಬೇಕು. ಹಳಗನ್ನಡದ ಸಂಧಿ ಬಿಡಿಸಲು ಬಲ್ಲವರು ಅಲ್ಲಿದ್ದಾರೆ. ಆ ಬಿಡಿಸಿದ ಸಂಧಿಗಳನ್ನು ಸಾವಿರಾರು ಸಾಲು ಗುರುತು ಹಾಕಿ ಕೊಟ್ಟರೆ, ಒಬ್ಬ ಎಂಜಿನಿಯರಿಗೆ ಅದಕ್ಕಿಂತ ದೊಡ್ಡ ಉಡುಗೊರೆ ಇಲ್ಲ.

2020ರ ಆ ಪಟ್ಟಿಯ ನಂತರ ಪರಿಸ್ಥಿತಿ ಸ್ವಲ್ಪ ಸುಧಾರಿಸಿದೆ ಎಂಬುದನ್ನೂ ಹೇಳಬೇಕು. ಚೆನ್ನೈಯ ಐಐಟಿಯಲ್ಲಿ ‘ಎಐ ಫಾರ್ ಭಾರತ್’ ಎಂಬ ಗುಂಪು ಇದೆ. ದೇಶದ 145 ಜಿಲ್ಲೆಗಳಲ್ಲಿ ಓಡಾಡಿ, 16 ಸಾವಿರಕ್ಕೂ ಹೆಚ್ಚು ಜನರ ದನಿ ಮುದ್ರಿಸಿಕೊಂಡು, 22 ಭಾಷೆಗಳಲ್ಲಿ 7,348 ಗಂಟೆಗಳ ಮಾತನ್ನು ಅವರು ಕೂಡಿಹಾಕಿದರು. ಕನ್ನಡವೂ ಅದರಲ್ಲಿದೆ. ವಿಶೇಷವೆಂದರೆ ಹೆಚ್ಚಿನ ಪಾಲು ಹಾಳೆ ನೋಡಿ ಓದಿದ್ದಲ್ಲ, ಕೇಳಿದ ಪ್ರಶ್ನೆಗೆ ತೋಚಿದಂತೆ ಆಡಿದ ಮಾತು. ಆ ಕೆಲಸ 2024ರಲ್ಲಿ ಜಾಗತಿಕ ಸಂಘದ ಸಮ್ಮೇಳನ ಸಂಪುಟಗಳಲ್ಲಿ ಪ್ರಕಟವಾಯಿತು. ಬುಸಾ ಅವರ ಊರಿನ ಹುಡುಗಿಯರ ಹಾಗೆ, ದನಿ ಕೊಟ್ಟ ಆ ಸಾವಿರಾರು ಜನರ ಹೆಸರು ಪ್ರಬಂಧದಲ್ಲಿ ಬರುವುದಿಲ್ಲ. ಅವರಿಗೆ ಹಣವಾದರೂ ಸಂದಿತು.

ಕೇಂದ್ರ ಸರಕಾರದ ‘ಭಾಷಿಣಿ’ ಯೋಜನೆ 2022ರ ಜುಲೈಯಲ್ಲಿ ಉದ್ಘಾಟನೆಯಾಯಿತು. ಅದರೊಳಗೆ ‘ಭಾಷಾದಾನ’ ಎಂಬ ವಿಭಾಗ ಉಂಟು. ಕಂಪ್ಯೂಟರಿನ ಮುಂದೆ ಕೂತು, ಕನ್ನಡ ಆರಿಸಿಕೊಂಡು, ತೆರೆಯ ಮೇಲೆ ಬಂದ ವಾಕ್ಯವನ್ನು ಓದಿ ದನಿ ಕೊಡಬಹುದು. ಕೇಳಿದ ಮಾತನ್ನು ಟೈಪು ಮಾಡಬಹುದು. ಇನ್ನೊಬ್ಬರು ಕೊಟ್ಟದ್ದು ಸರಿಯೋ ತಪ್ಪೋ ಎಂದು ತಾಳೆ ನೋಡಬಹುದು. ಒಂದು ವಾಕ್ಯಕ್ಕೆ ಅರ್ಧ ನಿಮಿಷವೂ ಬೇಡ. ಕನ್ನಡ ಸಂಘಗಳ ಹಳೆಯ ಸ್ಮರಣ ಸಂಚಿಕೆಗಳು, ನಾಟಕದ ಪ್ರತಿಗಳು, ಹಿರಿಯರ ಪತ್ರಗಳು ಕಪಾಟಿನಲ್ಲಿದ್ದರೆ ಅವು ಇನ್ನೊಂದು ಗಣಿ. ಸ್ಕ್ಯಾನ್ ಮಾಡುವ ಮೊದಲು ಬರೆದವರ ಅಥವಾ ಅವರ ಮನೆಯವರ ಒಪ್ಪಿಗೆ ಲಿಖಿತವಾಗಿ ತೆಗೆದುಕೊಳ್ಳಿ, ಆಮೇಲಿನ ತಕರಾರು ತಪ್ಪುತ್ತದೆ. ದನಿ ಕೊಡುವವರಿಗೂ ಒಂದು ಮಾತು. ಪುಸ್ತಕದ ಕನ್ನಡ ಆಡಲು ಹೆಣಗಬೇಡಿ. ನಿಮ್ಮ ಮನೆಯ ಉಚ್ಚಾರ ಹೇಗಿದೆಯೋ ಹಾಗೇ ಓದಿ. ‘ಹೋಗಿದ್ದಾನೆ’ ಎಂಬುದು ನಿಮ್ಮ ಬಾಯಲ್ಲಿ ‘ಹೋಗಿದಾನೆ’ ಆದರೆ ಆಗಲಿ. ಯಂತ್ರಕ್ಕೆ ಬೇಕಾಗಿರುವುದು ಅದೇ.